ಕಳೆಯಂತ್ರ ಕೊಳ್ಳುವ ಮುನ್ನ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಅಡಿಕೆ ತೋಟದ ಕಳೆ ಸವರಲು ಪೆಟ್ರೋಲ್ ವೀಡ್ ಕಟರ್ ಕೊಳ್ಳುವವರು ಬೆಲೆಯನ್ನಷ್ಟೇ ನೋಡದೆ, ತೋಟದ ಇಳಿಜಾರು, ಯಂತ್ರದ ತೂಕ ಹಾಗೂ ಎಂಜಿನ್ನಿನ ಬಗೆಯನ್ನೂ ವಿಚಾರಿಸಬೇಕು. ಟೂ ಸ್ಟ್ರೋಕ್ ಯಂತ್ರ ಸಾಮಾನ್ಯವಾಗಿ ಹಗುರ. ಆದರೆ ಅದರ ಪೆಟ್ರೋಲಿಗೆ ಆಯಿಲ್ ಬೆರೆಸಲೇಬೇಕು. ನನ್ನ ಯಂತ್ರಕ್ಕೆ 50:1, ಅಂದರೆ ಲೀಟರಿಗೆ 20 ಮಿ.ಲೀ. ಆಯಿಲ್ ಬೇಕೆಂಬುದನ್ನು ಮಾರಿದ ಅಂಗಡಿಯವರು ತಿಳಿಸದ ಕಾರಣ, ಬರೀ ಪೆಟ್ರೋಲ್ ಹಾಕಿ ಓಡಿಸಿದೆ. ಪಿಸ್ಟನ್ ಗೀರುಬಿದ್ದು ಎಂಜಿನ್ ಕಚ್ಚಿಕೊಂಡಿತು.

ಹುಲ್ಲು ಸವರಲು ಯಂತ್ರದ ತುದಿಯಲ್ಲಿ ತಿರುಗುವ ನೈಲಾನ್ ದಾರವೇ ಸಾಕು, ಪೊದೆಗೆ ಬ್ಲೇಡ್ ಬೇಕು. ಆದರೆ ಆ ದಾರವೂ ಕಾಳುಮೆಣಸಿನ ಬಳ್ಳಿಯ ಬುಡವನ್ನು ಕ್ಷಣದಲ್ಲಿ ತುಂಡರಿಸುತ್ತದೆ. ಬುಡದ ಸುತ್ತ ಕತ್ತಿಯನ್ನೇ ಬಳಸುವುದು ಕ್ಷೇಮ.

ಮಾರಾಟಗಾರರು ಕನ್ನಡದ ಕೈಪಿಡಿಯನ್ನೂ ಕಲ್ಲಿನ ಚೂರು ಸಿಡಿದರೆ ಕಣ್ಣು ಕಾಯುವ ಕನ್ನಡಕವನ್ನೂ ಯಂತ್ರದೊಂದಿಗೇ ಕೊಡಬೇಕೆಂದು ವಿನಂತಿಸುತ್ತೇನೆ.

– ಅಡಿಕೆ ಬೆಳೆಗಾರ, ತೀರ್ಥಹಳ್ಳಿ