ಚಿಣ್ಣನ ಓದು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಚಿಣ್ಣನಿಗೆ ಎಂಟು ತುಂಬಿತು, ಮೂರನೇ ಕ್ಲಾಸು, ಇನ್ನೂ ಒಂದು ಸಾಲು ತಡವರಿಸದೆ ಓದಲು ಬರುವುದಿಲ್ಲ ಅಂತ ಬರೆದಿದ್ದೀಯ. ಟ್ಯೂಷನ್‌ಗೆ ಹಾಕಲೇ, ಮೈಸೂರಿಗೆ ಕರೆದೊಯ್ಯಲೇ ಅಂತ ಕೇಳಿದ್ದೀಯ. ಅದಕ್ಕೆ ಮೊದಲು ಅವನು ಎಲ್ಲಿ ಎಡವುತ್ತಾನೆ ಅಂತ ಗೊತ್ತಾಗಬೇಕು. ‘ಸೋಮಾರಿ’ ಅಂದುಬಿಟ್ಟರೆ ಅದು ಗೊತ್ತಾಗುವುದಿಲ್ಲ.

ಮೊದಲು ಕಣ್ಣು, ಕಿವಿ ನೋಡಿಸು. ಪದೇಪದೇ ಶೀತವಾಗುವ ಮಕ್ಕಳಿಗೆ ಕಿವಿಯ ತಮಟೆಯ ಹಿಂದೆ ನೀರು ತುಂಬಿ ಕೇಳಿಸುವುದು ಮಂದವಾಗಬಹುದು. ನೋವಿರದಿದ್ದರೆ ಮನೆಯವರಿಗೆ ತಿಳಿಯುವುದೇ ಇಲ್ಲ. ನಮ್ಮ ಮಳೆಗಾಲ ಬೇರೆ ಎಷ್ಟು ಉದ್ದ! ಬಣ್ಣದ ಗಾಜಿನ ಕನ್ನಡಕದಿಂದ ಡಿಸ್ಲೆಕ್ಸಿಯಾ, ಅಂದರೆ ಓದುವುದರ ಕಲಿಕಾ ನ್ಯೂನತೆ, ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ದುಡ್ಡು ದಂಡ ಮಾಡಬೇಡ.

ಆಮೇಲೆ ಮನೆಮಾತು. ‘ಹಾಲು’ ಬದಲು ‘ಪಾಲು’ ಅಂತ ಬರೆದರೆ ಅದು ಕೊಡವ ತಕ್ಕ್‌ನ ಪ್ರಭಾವ, ಕಲಿಕಾ ನ್ಯೂನತೆಯಲ್ಲ. ‘ಧ’ ಇರಬೇಕಾದಲ್ಲಿ ‘ದ’ ಬರೆಯುವುದನ್ನು ಲೆಕ್ಕಕ್ಕೇ ತಗೋಬೇಡ, ಕನ್ನಡದ ಮನೆಯ ಮಕ್ಕಳೂ ಹಾಗೇ ಬರೆಯುತ್ತಾರೆ. ನಿಜವಾದ ತೊಂದರೆಯ ಸುಳಿವು ಮನೆಮಾತಿನಲ್ಲೂ ಸಿಗುತ್ತದೆ. ಕಾರಿನಲ್ಲಿ ಹೋಗುವಾಗ ಬಾಯಲ್ಲೇ ಕೇಳು: ‘ಕಾವೇರಿ’ಯಲ್ಲಿ ‘ವೇ’ ತೆಗೆದರೆ ಏನುಳಿಯಿತು? ‘ಕಾರಿ’ ಅನ್ನಬೇಕು. ಹೀಗೆ ಹತ್ತು ಪದ, ಕೊಡವ ಪದಗಳನ್ನೂ ಸೇರಿಸಿ. ಒಂದೆರಡು ತಪ್ಪಿದರೆ ಸಹಜ. ಅರ್ಧಕ್ಕರ್ಧ ತಪ್ಪಿದರೆ, ಪದವನ್ನು ಸದ್ದುಗಳಾಗಿ ಬಿಡಿಸುವುದರಲ್ಲೇ ತೊಡಕಿದೆಯೇನೋ ಅಂತ ಅನುಮಾನಪಡು.

ಈಗ ಪುಸ್ತಕ. ಅವನು ನೋಡಿರದ, ಎರಡನೇ ಕ್ಲಾಸಿನ ಮಟ್ಟದ ಒಂದು ಪುಟ ಕೊಡು. ಗೊತ್ತಿರುವ ಪಾಠವಾದರೆ ಬಾಯಿಪಾಠ ಒಪ್ಪಿಸಿಬಿಡುತ್ತಾನೆ. ತಿದ್ದಬೇಡ, ಅವನು ಓದಿದ ಹಾಗೆಯೇ ಬರೆದುಕೋ. ‘ಕಪ್ಪೆ’ ‘ಕಪೆ’ ಆದರೆ ಒತ್ತು ಬಿಟ್ಟಿದ್ದಾನೆ. ‘ವ’ ‘ಮ’ ಅದಲುಬದಲಾದರೆ ಆಕಾರದ ಗೊಂದಲ. ‘ಚರ್ಮ’ ‘ಚಮರ್’ ಆದರೆ ಅರ್ಕಾವತ್ತಿನ ಕಾಟ: ಬಾಯಲ್ಲಿ ಮೊದಲು ಬರುವ ‘ರ್’ ಬರಹದಲ್ಲಿ ‘ಮ’ದ ನಂತರ ಕೂತಿರುತ್ತದೆ, ಕಣ್ಣು ಮುಂದೆ ಹೋಗಿ ಹಿಂದೆ ಬರಬೇಕು. ಇದರಲ್ಲಿ ಅವನಿಗಿಂತ ದೊಡ್ಡವರೂ ತಡವರಿಸುತ್ತಾರೆ. ಒತ್ತಕ್ಷರ ಗಟ್ಟಿಯಾಗಲು ನಾಲ್ಕನೇ ಕ್ಲಾಸಾದರೂ ಆಗಬೇಕು, ಅದಕ್ಕೆ ಹೆದರಬೇಡ. ಗುಡಿಸು, ಕೊಂಬುಗಳೇ ಇನ್ನೂ ಕೂತಿಲ್ಲ ಅಂದರೆ ಮಾತ್ರ ಯೋಚಿಸಬೇಕಾದ್ದೇ.

ಅಭ್ಯಾಸ ದಿನಕ್ಕೆ 15 ನಿಮಿಷ, ವಾರಕ್ಕೆ 5 ದಿನ, ಹೆಚ್ಚು ಬೇಡ. ಸರ್ಕಾರಿ ಶಾಲೆಗಳ ನಲಿ-ಕಲಿ ಪಾಠಕ್ರಮದ ‘ರ ಗ ಸ ದ ಅ’ ಇದೆಯಲ್ಲ, ಅಂಥ ಚೆನ್ನಾಗಿ ಗೊತ್ತಿರುವ ಅಕ್ಷರಗಳ ಮೇಲೆ ಒಂದೇ ಒಂದು ಹೊಸ ಚಿಹ್ನೆ ಕೂರಿಸು. ಗುಡಿಸು ಆದರೆ ರಿ, ಗಿ, ಸಿ, ದಿ. ಮೊದಲ 5 ನಿಮಿಷ ಅದರ ಕಾರ್ಡು, ಮತ್ತೆ 5 ನಿಮಿಷ ಅದೇ ಅಕ್ಷರಗಳ ಪದ, ಕೊನೆಯ 5 ನಿಮಿಷ ನೀನೇ ಕಥೆ ಓದಿ ಹೇಳು. ಮೂರು ದಿನ ಸತತವಾಗಿ ಸರಿ ಓದಿದ ಮೇಲೆ ಮುಂದಿನ ಚಿಹ್ನೆ. ಬರೆಯುವಾಗ ಸದ್ದು ಬಾಯಿಂದ ಬರಲೇಬೇಕು. ಹತ್ತು ಸಲ ಕಾಪಿ ಬರೆಸುವುದರಲ್ಲಿ ಆಗುವ ಎಡವಟ್ಟೇ ಅದು: ಕೈ ಗೆರೆ ಎಳೆಯುತ್ತಿರುತ್ತದೆ, ಬಾಯಿ ಮುಚ್ಚಿರುತ್ತದೆ, ಸದ್ದಿಗೂ ಆಕಾರಕ್ಕೂ ಗಂಟು ಬೀಳುವುದಿಲ್ಲ. ಟ್ಯೂಷನ್‌ನಲ್ಲೂ ಹೆಚ್ಚಾಗಿ ಇದನ್ನೇ ಮಾಡಿಸುತ್ತಾರೆ. ಅದಕ್ಕೇ ಟ್ಯೂಷನ್‌ಗೆ ಹಾಕಬೇಡ.

ಇದು ನಡೆಯುತ್ತಿರುವಾಗಲೇ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅಪಾಯಿಂಟ್‌ಮೆಂಟ್ ಕೇಳು. ಸರಿಯಾದ ಸಹಾಯ ಕೊಟ್ಟ ಮೇಲೂ ಕನಿಷ್ಠ 6 ತಿಂಗಳು ತೊಂದರೆ ಉಳಿದಿದ್ದರೆ ಮಾತ್ರ ಅದಕ್ಕೆ ಕಲಿಕಾ ನ್ಯೂನತೆ ಅಂತ ಹೆಸರಿಡುವುದು, ಆದ್ದರಿಂದ ಅಭ್ಯಾಸ ಶುರುಮಾಡಿದ ದಿನಾಂಕ ಬರೆದಿಡು. ಬುದ್ಧಿಮತ್ತೆಯ ಪರೀಕ್ಷೆಯ ಜೊತೆಗೆ ಓದು, ಬರಹ, ಲೆಕ್ಕದ ಪರೀಕ್ಷೆಯೂ ಇರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ, ಸರ್ಟಿಫಿಕೇಟು ಕೊಡುವುದು ಎಂಟು ವರ್ಷದಿಂದ. ಮುಂದೆ ಸಿಬಿಎಸ್‌ಇ ಬೋರ್ಡ್ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಮಯ ಸಿಗುವುದು ಅದರಿಂದಲೇ. ಊರಿನವರು ಏನಂತಾರೆ ಅಂತ ಅದನ್ನು ಬಿಡಬೇಡ.

ಟೀಚರ್ ಹತ್ತಿರ ಒಂದು ಮಾತು ಹೇಳು: ಕ್ಲಾಸಿನ ಮುಂದೆ ಓದಿಸುವುದಿದ್ದರೆ ಯಾವ ಭಾಗ ಅಂತ ಹಿಂದಿನ ದಿನವೇ ತಿಳಿಸಲಿ, ಉತ್ತರಗಳನ್ನು ಬಾಯಲ್ಲೂ ಕೇಳಲಿ. ಮೈಸೂರಿಗೆ ಹೋಗುವಾಗ ಎರಡು ವರ್ಷದ ಹಳೆಯ ನೋಟ್‌ಬುಕ್ಕುಗಳನ್ನು ತಗೊಂಡು ಹೋಗು, ರದ್ದಿಗೆ ಹಾಕಿಬಿಟ್ಟೀಯ.

ನಿನ್ನ,
ಅವ್ವ