ಕೆಲಸ ಅರ್ಧಕ್ಕೆ ನಿಲ್ಲಬಾರದು: ನಮ್ಮ ಕಂಟ್ರೋಲ್ ಪ್ಲೇನ್ ಬದಲಾಗುತ್ತಿದೆ

ಪ್ರಿಯ ಗ್ರಾಹಕರೇ,

ನಿಮ್ಮ ಡೇಟಾಬೇಸ್ ಕ್ಲಸ್ಟರ್‌ಗಳನ್ನು (ಒಂದು ಡೇಟಾಬೇಸನ್ನು ಒಟ್ಟಾಗಿ ನಡೆಸುವ ಮೆಷಿನ್‌ಗಳ ಗುಂಪು) ಕಟ್ಟುವುದು, ದೊಡ್ಡದು ಮಾಡುವುದು, ಅಪ್‌ಗ್ರೇಡ್ ಮಾಡುವುದು, ಅಳಿಸುವುದು, ಇಷ್ಟನ್ನೂ ಮುಂದಿನ ತಿಂಗಳಿಂದ ಟೆಂಪೊರಲ್ ಎಂಬ ವರ್ಕ್‌ಫ್ಲೋ ಎಂಜಿನ್, ಅಂದರೆ ಹಲವು ಹೆಜ್ಜೆಗಳ ಕೆಲಸವನ್ನು ಕೊನೆ ಮುಟ್ಟಿಸುವ ಸಾಫ್ಟ್‌ವೇರ್ ಮೇಲೆ ನಡೆಸಲಿದ್ದೇವೆ. ನಿಮ್ಮ ಡೇಟಾ ಇದ್ದಲ್ಲೇ ಇರುತ್ತದೆ. ಕನೆಕ್ಷನ್ ವಿಳಾಸವೂ ಅದೇ. ಬದಲಾಗುವುದು ಕ್ಲಸ್ಟರ್‌ಗೆ ಅಪ್ಪಣೆ ಕೊಡುವ ಭಾಗ, ಅಂದರೆ ಕಂಟ್ರೋಲ್ ಪ್ಲೇನ್ ಮಾತ್ರ. ಆದರೂ ನಮ್ಮ ಎಪಿಐ (ಪ್ರೋಗ್ರಾಮಿನಿಂದಲೇ ನಮಗೆ ಕೋರಿಕೆ ಕಳಿಸುವ ದಾರಿ) ಮೇಲೆ ಸ್ಕ್ರಿಪ್ಟ್ ಬರೆದುಕೊಂಡವರು ದಯವಿಟ್ಟು ಕೊನೆಯವರೆಗೂ ಓದಿ. ಕೆಲವು ಕಡೆ ನಿಮ್ಮ ಕೋಡನ್ನೂ ತಿದ್ದಬೇಕಾಗುತ್ತದೆ.

ಕ್ಲಸ್ಟರನ್ನು ದೊಡ್ಡ ಮೆಷಿನ್‌ಗೆ ಸಾಗಿಸಿ ಎಂದು ನೀವು ಒಂದು ಬಟನ್ ಒತ್ತುತ್ತೀರಿ. ಒಳಗೆ ಅದು ಒಂದೇ ಕೆಲಸವಲ್ಲ. ಹೊಸ ಮೆಷಿನ್ ಕೇಳಬೇಕು. ಅದು ಏಳುವವರೆಗೆ ಕಾಯಬೇಕು. ಡಿಸ್ಕ್ ಜೋಡಿಸಬೇಕು. ರೆಪ್ಲಿಕಾ, ಅಂದರೆ ಡೇಟಾದ ನಕಲು, ಪೂರ್ತಿ ಹೊಂದಿಕೊಂಡ ಮೇಲೆ ಪ್ರೈಮರಿ (ಬರಹಗಳನ್ನು ಸ್ವೀಕರಿಸುವ ಮುಖ್ಯ ಮೆಷಿನ್) ಬದಲಿಸಬೇಕು, ಕನೆಕ್ಷನ್ ವಿಳಾಸ ಹೊಸ ಮೆಷಿನ್ನನ್ನು ತೋರಿಸುವಂತೆ ಡಿಎನ್‌ಎಸ್ ತಿದ್ದಬೇಕು, ಆಮೇಲೆ ಹಳೆಯದನ್ನು ತೆಗೆಯಬೇಕು. ಕೆಲವು ಹೆಜ್ಜೆಗೆ ಸೆಕೆಂಡು ಸಾಕು, ಕೆಲವಕ್ಕೆ ಗಂಟೆಗಟ್ಟಲೆ ಬೇಕು. ಇಷ್ಟು ದಿನ ಇದನ್ನು ಒಂದು ಕ್ಯೂ, ಟೇಬಲ್ಲಿನ ಒಂದು ಸ್ಟೇಟಸ್ ಕಾಲಮ್, ಸಿಕ್ಕಿಹಾಕಿಕೊಂಡದ್ದನ್ನು ಆಗಾಗ ಹುಡುಕುವ ಒಂದು ಕ್ರಾನ್ ಸ್ಕ್ರಿಪ್ಟ್, ಇವುಗಳಿಂದ ನಡೆಸಿಕೊಂಡು ಬಂದೆವು. ಗ್ರಾಹಕರು ಕಡಿಮೆ ಇದ್ದಾಗ ಅದು ಸಾಕಾಗಿತ್ತು.

ಸಾಲದು ಎಂದು ಗೊತ್ತಾದದ್ದು ಒಂದು ರಾತ್ರಿ. ಒಬ್ಬ ಗ್ರಾಹಕರ ಕ್ಲಸ್ಟರ್ ಸಾಗಿಸುವಾಗ ನಮ್ಮ ಪ್ರೋಸೆಸ್ ಮಧ್ಯದಲ್ಲೇ ರೀಸ್ಟಾರ್ಟ್ ಆಯಿತು. ಮೆಷಿನ್ ಬೇಕೆಂದು ಕೇಳಿಯಾಗಿತ್ತು, ಉತ್ತರ ಬಂದಿರಲಿಲ್ಲ. ಸಿಕ್ಕಿತೋ ಇಲ್ಲವೋ ತಿಳಿಯದ ಸ್ಕ್ರಿಪ್ಟ್ ಮತ್ತೊಂದು ಮೆಷಿನ್ ಕೇಳಿತು. ಎರಡು ಮೆಷಿನ್ ಎದ್ದವು, ಡಿಸ್ಕ್ ಒಂದಕ್ಕೆ ಅಂಟಿಕೊಂಡಿತು, ನಮ್ಮ ಟೇಬಲ್ಲಿನಲ್ಲಿ ಇನ್ನೊಂದರ ಹೆಸರಿತ್ತು. ಅವರ ಪರದೆಯಲ್ಲಿ ಗಂಟೆಗಟ್ಟಲೆ ‘ನಡೆಯುತ್ತಿದೆ’ ಎಂದೇ ಇತ್ತು. ಡೇಟಾ ಹೋಗಲಿಲ್ಲ, ನಿಜ. ಆದರೆ ಕೆಲಸ ಎಲ್ಲಿಗೆ ಬಂದಿದೆ ಎಂದು ಅವರು ಕೇಳಿದಾಗ ನಮ್ಮ ಹತ್ತಿರ ಉತ್ತರವಿರಲಿಲ್ಲ. ಅವರ ತಾಳ್ಮೆಗೆ ನಾವು ಋಣಿಗಳು. ಅವತ್ತೇ ಇದನ್ನು ಬೇರಿನಿಂದ ಸರಿಮಾಡಬೇಕು ಎಂದು ತೀರ್ಮಾನಿಸಿದೆವು.

ಟೆಂಪೊರಲ್ ಮಾಡುವುದು ಇಷ್ಟು. ಪ್ರತಿ ಹೆಜ್ಜೆ ಶುರುವಾದದ್ದು, ಮುಗಿದದ್ದು, ಅದರಿಂದ ಬಂದ ಫಲಿತಾಂಶ, ಎಲ್ಲವನ್ನೂ ಡೇಟಾಬೇಸಿನಲ್ಲಿ ಬರೆದಿಡುತ್ತದೆ. ಇದಕ್ಕೆ ಹಿಸ್ಟರಿ ಎನ್ನುತ್ತಾರೆ. ಕೆಲಸ ಮಾಡುತ್ತಿದ್ದ ವರ್ಕರ್ (ಹೆಜ್ಜೆಗಳನ್ನು ನಡೆಸುವ ನಮ್ಮ ಪ್ರೋಸೆಸ್) ಸತ್ತರೆ ಇನ್ನೊಂದು ವರ್ಕರ್ ಆ ಹಿಸ್ಟರಿಯನ್ನು ಓದಿ ಕೋಡನ್ನು ಮೊದಲಿಂದ ಓಡಿಸುತ್ತದೆ. ಆದರೆ ಮುಗಿದ ಹೆಜ್ಜೆಗಳನ್ನು ಮತ್ತೆ ಮಾಡುವುದಿಲ್ಲ, ಬರೆದಿಟ್ಟ ಫಲಿತಾಂಶವನ್ನೇ ಎತ್ತಿಕೊಂಡು ನಿಂತಲ್ಲಿಂದ ಮುಂದುವರಿಯುತ್ತದೆ. ಉತ್ತರ ಬಾರದೆ ಉಳಿದ ಹೆಜ್ಜೆ ಮಾತ್ರ ಎರಡನೇ ಸಲ ನಡೆಯಬಹುದು. ಅದಕ್ಕಾಗಿ ಹೊರಗೆ ಹೋಗುವ ಪ್ರತಿ ಕೋರಿಕೆಗೂ ಒಂದು ಗುರುತು ಹಾಕಿದ್ದೇವೆ. ಅದೇ ಗುರುತಿನ ಮೆಷಿನ್ ಆಗಲೇ ಇದ್ದರೆ ಹೊಸದು ಏಳುವುದಿಲ್ಲ. ಈ ಭಾಗವನ್ನು ಯಾವ ಎಂಜಿನ್ನೂ ಸುಮ್ನೆ ಕೊಡುವುದಿಲ್ಲ, ನಾವೇ ಕೂತು ಬರೆಯಬೇಕಿತ್ತು. ಜಾಸ್ತಿ ಸಮಯ ಹಿಡಿದದ್ದೂ ಇದಕ್ಕೇ.

ಇದು ನಿನ್ನೆ ಮೊನ್ನೆ ಹುಟ್ಟಿದ ಯೋಚನೆಯಲ್ಲ. ಊಬರ್ ಕಂಪನಿಯಲ್ಲಿ ಕೇಡೆನ್ಸ್ ಎಂಬ ಎಂಜಿನ್ ಕಟ್ಟಿದ ಮ್ಯಾಕ್ಸಿಮ್ ಫತೀವ್ ಮತ್ತು ಸಮರ್ ಅಬ್ಬಾಸ್ 2019ರಲ್ಲಿ ಅದರಿಂದಲೇ ಟೆಂಪೊರಲ್ ಶುರುಮಾಡಿದರು. ಸರ್ವರ್ ಕೋಡ್ ಎಂಐಟಿ ಲೈಸೆನ್ಸಿನಲ್ಲಿ ಮುಕ್ತವಾಗಿದೆ. ನಾವು ಅದನ್ನು ನಮ್ಮದೇ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ನಡೆಸುತ್ತೇವೆ, ಹೊರಗಿನವರ ಕೈಗೆ ಕೊಡುತ್ತಿಲ್ಲ. ಹಿಸ್ಟರಿಯಲ್ಲಿ ಎಲ್ಲವೂ ದಾಖಲಾಗುವುದರಿಂದ ಪಾಸ್‌ವರ್ಡ್‌ಗಳನ್ನು ಅದರೊಳಗೆ ಬಿಡುವುದೇ ಇಲ್ಲ, ಅವು ಎಲ್ಲಿವೆ ಎಂಬ ಸುಳಿವು ಮಾತ್ರ ಹೋಗುತ್ತದೆ. ಉಳಿದ ಮಾಹಿತಿಯೂ ವರ್ಕರ್‌ನಲ್ಲೇ ಎನ್‌ಕ್ರಿಪ್ಟ್ ಆಗಿ ಹೊರಡುತ್ತದೆ.

ಈಗ ನಿಮ್ಮ ಕಡೆಯ ಬದಲಾವಣೆ. ಮೊದಲನೆಯದನ್ನು ಗಮನವಿಟ್ಟು ಓದಿ. ಇಷ್ಟು ದಿನ ಅರ್ಧ ಗಂಟೆಯಲ್ಲಿ ಮುಗಿಯದ ಕೆಲಸಕ್ಕೆ ನಾವು ‘ವಿಫಲ’ ಎಂಬ ಮುದ್ರೆ ಒತ್ತುತ್ತಿದ್ದೆವು. ಇನ್ನು ಹಾಗಿಲ್ಲ. ಟೆಂಪೊರಲ್ ಸೋತ ಹೆಜ್ಜೆಯನ್ನು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನಾವೇನೂ ಹೇಳದಿದ್ದರೆ 1 ಸೆಕೆಂಡು ಬಿಟ್ಟು, ಆಮೇಲೆ 2, ಆಮೇಲೆ 4, ಹೀಗೆ ಅಂತರ 100 ಸೆಕೆಂಡಿನವರೆಗೆ ಬೆಳೆಯುತ್ತದೆ, ಪ್ರಯತ್ನಕ್ಕೆ ಲೆಕ್ಕವೇ ಇರುವುದಿಲ್ಲ. ಮೆಷಿನ್ ಸಿಗದಿದ್ದರೆ ಸ್ಟೇಟಸ್ ‘ಕಾಯುತ್ತಿದೆ’ ಎಂದಾಗುತ್ತದೆ, ಪಕ್ಕದಲ್ಲಿ ಕಾರಣ ಇರುತ್ತದೆ. ನಿಮ್ಮ ಅಲರ್ಟ್ ‘ವಿಫಲ’ ಎಂಬ ಪದಕ್ಕಷ್ಟೇ ಕಾಯುತ್ತಿದ್ದರೆ ಅದು ಮೊಳಗದೇ ಇರಬಹುದು. ದಯವಿಟ್ಟು ಹೊಸ ಸ್ಟೇಟಸನ್ನೂ ಸೇರಿಸಿಕೊಳ್ಳಿ. ಇಂತಿಷ್ಟು ಹೊತ್ತಿಗಿಂತ ಹೆಚ್ಚು ಕಾಯುವುದು ಬೇಡ ಎನ್ನುವವರು ಕೋರಿಕೆಯಲ್ಲೇ ಗಡುವು ಹಾಕಬಹುದು.

ರದ್ದು ಮಾಡುವುದೂ ಬದಲಾಗಿದೆ. ಮುಂಚೆ ರದ್ದು ಎಂದರೆ ಕೈಬಿಡುವುದು ಅಷ್ಟೇ, ಅರ್ಧ ಕಟ್ಟಿದ್ದು ಹಾಗೇ ಬಿದ್ದಿರುತ್ತಿತ್ತು. ಈಗ ಮಾಡಿದ ಹೆಜ್ಜೆಗಳನ್ನು ಕೊನೆಯದರಿಂದ ಹಿಂದಕ್ಕೆ ಒಂದೊಂದೇ ಬಿಚ್ಚುತ್ತಾ ಬರುತ್ತೇವೆ. ಇದಕ್ಕೆ ಸಾಗಾ ಎನ್ನುತ್ತಾರೆ, 1987ರಲ್ಲಿ ಹೆಕ್ಟರ್ ಗಾರ್ಸಿಯಾ-ಮೊಲಿನಾ ಮತ್ತು ಕೆನೆತ್ ಸೇಲಂ ಡೇಟಾಬೇಸಿನ ದೀರ್ಘ ವ್ಯವಹಾರಗಳಿಗಾಗಿ ಬರೆದ ವಿಧಾನ ಅದು. ಹಾಗಾಗಿ ರದ್ದಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಪ್ರೈಮರಿ ಬದಲಾದ ಮೇಲೆ ಮಾತ್ರ ರದ್ದು ಮಾಡಲು ಬಿಡುವುದಿಲ್ಲ. ಅಲ್ಲಿಂದ ಹಿಂದೆ ಬರುವುದಕ್ಕಿಂತ ಮುಂದೆ ಹೋಗುವುದೇ ಕ್ಷೇಮ.

ಇನ್ನೊಂದು, ಒಂದೇ ಕ್ಲಸ್ಟರ್‌ಗೆ ಎರಡು ಬದಲಾವಣೆ ಒಟ್ಟಿಗೆ ಕಳಿಸಿದರೆ ಎರಡನೆಯದು ಎರರ್ ಆಗುವುದಿಲ್ಲ, ಸಾಲಿನಲ್ಲಿ ನಿಲ್ಲುತ್ತದೆ. ಎರರ್ ಬಂದರೆ ಮತ್ತೆ ಕಳಿಸುವ ಸ್ಕ್ರಿಪ್ಟ್ ಇದ್ದವರು ಆ ಭಾಗ ತೆಗೆದುಬಿಡಿ.

ಇದಕ್ಕೆ ನಾವು ತೆರುವ ಬೆಲೆಯೂ ಇದೆ. ಹಿಸ್ಟರಿ ಓದಿ ಕೋಡನ್ನು ಮತ್ತೆ ಓಡಿಸಿದಾಗ ಅದು ಅದೇ ದಾರಿಯಲ್ಲೇ ಹೋಗಬೇಕು. ಆದ್ದರಿಂದ ನಡುವೆ ಓಡುತ್ತಿರುವ ಕೆಲಸದ ಕೋಡನ್ನು ನಮಗೆ ಬೇಕಾದಂತೆ ತಿದ್ದಲಾಗದು. ಹಳೆಯದು ಹಳೆಯ ದಾರಿಯಲ್ಲೇ ಮುಗಿಯಬೇಕು, ಹೊಸದಕ್ಕೆ ಹೊಸ ದಾರಿ. ಹೊಸ ಸೌಲಭ್ಯಗಳು ಮೊದಲಿಗಿಂತ ನಿಧಾನವಾಗಿ ಬರಬಹುದು. ಆ ನಿಧಾನವನ್ನು ನಾವು ತಿಳಿದೇ ಒಪ್ಪಿಕೊಂಡಿದ್ದೇವೆ. ಎಂಜಿನ್ನೇ ಕೆಟ್ಟು ನಿಂತರೆ? ನಿಮ್ಮ ಡೇಟಾಬೇಸ್ ಎಂದಿನಂತೆ ಓಡುತ್ತಿರುತ್ತದೆ, ಹೊಸ ಬದಲಾವಣೆಗಳು ಮಾತ್ರ ಅದು ಏಳುವವರೆಗೆ ಕಾಯುತ್ತವೆ.

ಮೊದಲ ವಾರ ಹೊಸ ಕ್ಲಸ್ಟರ್ ಕಟ್ಟುವುದು ಮಾತ್ರ ಹೊಸ ದಾರಿಗೆ ಬರುತ್ತದೆ. ಆಮೇಲೆ ಸಾಗಿಸುವುದು ಮತ್ತು ಅಪ್‌ಗ್ರೇಡ್. ಅಳಿಸುವುದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇವೆ. ಆ ದಿನಗಳಲ್ಲಿ ನಿಮಗೆ ದೊಡ್ಡ ಬಿಡುಗಡೆ ಏನಾದರೂ ಇದ್ದರೆ ಮುಂಚೆಯೇ ತಿಳಿಸಿ, ನಿಮ್ಮ ಖಾತೆಯನ್ನು ಎಲ್ಲರಿಗಿಂತ ಕೊನೆಗೆ ಬದಲಿಸುತ್ತೇವೆ.

ನಿಮ್ಮ ವಿಶ್ವಾಸಿಗಳು,
ಕಂಟ್ರೋಲ್ ಪ್ಲೇನ್ ತಂಡ