ಡ್ಯಾಕ್ ಆಮೇಲೆ, ಮೊದಲು ಸ್ಪೀಕರ್

ಮಾನ್ಯರೇ,

ಓಣಂ ರಿಯಾಯಿತಿಯ ಜಾಹೀರಾತುಗಳಲ್ಲಿ ಈಗ ಹೈ-ರೆಸ್ (ಸಿ.ಡಿ.ಗಿಂತ ಸೂಕ್ಷ್ಮವಾದ ಡಿಜಿಟಲ್ ಧ್ವನಿ), 32 ಬಿಟ್, 384 ಕಿಲೋಹರ್ಟ್ಸ್ ಎಂಬ ಅಂಕಿಗಳದ್ದೇ ಅಬ್ಬರ. ಮನೆಯಲ್ಲಿ ಆಂಪ್ಲಿಫೈಯರ್, ಒಂದು ಜೋಡಿ ಸ್ಪೀಕರ್ ಇದ್ದವರು ಈ ಅಂಕಿಗಳನ್ನು ನಂಬಿ ದುಬಾರಿ ಡ್ಯಾಕ್ (ಡಿಜಿಟಲ್ ಸ್ವರವನ್ನು ಆಂಪ್ಲಿಫೈಯರಿಗೆ ಹೊಂದುವ ಅನಲಾಗ್ ಸಂಕೇತವಾಗಿಸುವ ಸಾಧನ) ತಂದರೆ ಹೆಚ್ಚಿನ ದುಡ್ಡು ದಂಡ. ಸೋನಿ ಮತ್ತು ಫಿಲಿಪ್ಸ್ 1980ರಲ್ಲಿ ಸಿ.ಡಿ.ಗೆ ನಿಗದಿ ಮಾಡಿದ 16 ಬಿಟ್, 44.1 ಕಿಲೋಹರ್ಟ್ಸ್ ಅಳತೆಯೇ 22 ಕಿಲೋಹರ್ಟ್ಸ್ ತನಕದ ಸ್ವರವನ್ನು ಹಿಡಿಯುತ್ತದೆ. ಎಳೆಯರ ಕಿವಿಯ ಮಿತಿಯೇ ಸುಮಾರು 20 ಕಿಲೋಹರ್ಟ್ಸ್. ಸಾಧಾರಣ ಬೆಲೆಯ ಒಳ್ಳೆಯ ಡ್ಯಾಕ್‌ನ ವಿಕೃತಿ (ಡಿಸ್ಟಾರ್ಷನ್) ಶೇ. 0.01ಕ್ಕೂ ಕಡಿಮೆ, ಸ್ಪೀಕರಿನದು ಮಂದ್ರದಲ್ಲಿ ಶೇ. 1 ದಾಟುವುದು ಮಾಮೂಲು.

ಸ್ಪೀಕರಿಗಿಂತಲೂ ಕೆಟ್ಟದ್ದು ಕೋಣೆ. ಸಿಮೆಂಟ್ ಸಾರಣೆಯ ಮುರಕಲ್ಲಿನ ಗೋಡೆ, ಕೆಳಗೆ ಟೈಲ್ಸ್, ಮೇಲೆ ಕಾಂಕ್ರೀಟು: ಚೆಂಡೆಯ ಒಂದು ಪೆಟ್ಟಿನ ಗುಂಗು ಆರುವ ಮೊದಲೇ ಇನ್ನೊಂದು ಬಿದ್ದು, ಭಾಗವತರ ಪದದ ಸಾಹಿತ್ಯ ಕಲಸಿಹೋಗುತ್ತದೆ. ಸ್ಪೀಕರುಗಳನ್ನು ಮೂಲೆಯಿಂದ ಹೊರತಂದು ಹಿಂದಿನ ಗೋಡೆಗೆ ಒಂದೂವರೆ-ಎರಡು ಅಡಿ ಜಾಗ ಬಿಡಬೇಕು. ಟ್ವೀಟರ್ (ತಾರಸ್ವರ ಹೊರಡಿಸುವ ಚಿಕ್ಕ ಭಾಗ) ಕೂತವರ ಕಿವಿಯ ಮಟ್ಟಕ್ಕೆ ಬರಲಿ. ಎರಡು ಸ್ಪೀಕರುಗಳ ನಡುವೆ ಎಷ್ಟು ದೂರವೋ, ಕೇಳುವವರಿಗೂ ಅಷ್ಟೇ ದೂರ ಇರಲಿ. ನೆಲಕ್ಕೆ ದಪ್ಪ ಜಮಖಾನ, ಗೋಡೆಗೆ ಪುಸ್ತಕದ ಕಪಾಟು. ಆದರೆ ಜಮಖಾನ ಮಂದ್ರವನ್ನು ಹೀರುವುದಿಲ್ಲ. 12 ಅಡಿ ಉದ್ದದ ಕೋಣೆಯಲ್ಲಿ 47 ಹರ್ಟ್ಸ್ ಆಸುಪಾಸಿನ ಸ್ವರ ಎರಡು ಗೋಡೆಗಳ ನಡುವೆ ಉಬ್ಬಿ ನಿಲ್ಲುತ್ತದೆ. ಗೋಡೆಗೆ ಒರಗಿ ಕೂತವರಿಗೆ ಅದು ಅತಿ ಜೋರು. ಕುರ್ಚಿಯನ್ನು ಮೂರಡಿ ಮುಂದೆ ಎಳೆದರೆ ಸುಮಾರು 3 ಡೆಸಿಬೆಲ್ ಇಳಿಯುತ್ತದೆ, ಖರ್ಚಿಲ್ಲದೆ.

ಹಳೆ ಸ್ಪೀಕರ್ ಗುಜರಿಗೆ ಹಾಕುವ ಮುಂಚೆ ಕೋನಿನ ಅಂಚಿನ ಫೋಮನ್ನು ಮುಟ್ಟಿ ನೋಡಿ. ಹತ್ತು-ಹದಿನೈದು ವರ್ಷಕ್ಕೆ ಪುಡಿಯಾಗುವುದು ಅದರ ಗುಣ, ಕರಾವಳಿಯ ತೇವಕ್ಕೆ ಇನ್ನೂ ಬೇಗ. ಅಂಚು ಮಾತ್ರ ಹೋಗಿದ್ದರೆ ಎರಡಕ್ಕೂ ಒಟ್ಟಿಗೆ ಹೊಸ ಅಂಚು ಹಾಕಿಸಿದರೆ ಸಾಕು. ಹೊಸದನ್ನೇ ಕೊಳ್ಳುವುದಾದರೆ ರಬ್ಬರ್ ಅಂಚಿನದು ಲೇಸು. ಪೆಟ್ಟಿಗೆಯ ಮೇಲಿನ ಪಿ.ಎಂ.ಪಿ.ಒ. (ಕ್ಷಣಿಕ ಗರಿಷ್ಠ) ವ್ಯಾಟ್ ಬರೀ ಬುರುಡೆ, ಆರ್.ಎಂ.ಎಸ್. (ನಿರಂತರ) ವ್ಯಾಟ್ ಮತ್ತು ಸೆನ್ಸಿಟಿವಿಟಿ (ಅಷ್ಟೇ ವ್ಯಾಟಿಗೆ ಎಷ್ಟು ಜೋರು ಎಂಬುದು) ನೋಡಿ. 85ರ ಬದಲು 88 ಡೆಸಿಬೆಲಿನ ಸ್ಪೀಕರ್ ತಂದರೆ ಆಂಪ್ಲಿಫೈಯರಿನ ವ್ಯಾಟ್ ಇಮ್ಮಡಿಸಿದ ಲೆಕ್ಕ.

ಡ್ಯಾಕ್ ನಿಜಕ್ಕೂ ಬೇಕಾಗುವ ಸಂದರ್ಭವೂ ಉಂಟು: ಟಿ.ವಿ.ಯ ಆಪ್ಟಿಕಲ್ ಔಟನ್ನು (ಬೆಳಕಿನ ಮೂಲಕ ಡಿಜಿಟಲ್ ಸ್ವರ ಕಳಿಸುವ ಕಿಂಡಿ) ಹಳೆ ಆಂಪ್ಲಿಫೈಯರಿಗೆ ಕೊಡುವಾಗ. ಟಿ.ವಿ. ಸೆಟ್ಟಿಂಗಿನಲ್ಲಿ ಡಾಲ್ಬಿ ಬಿಟ್ಟು ಪಿ.ಸಿ.ಎಂ. (ಸಾದಾ ಡಿಜಿಟಲ್ ರೂಪ) ಆರಿಸಬೇಕು, ಇಲ್ಲವಾದರೆ ಸಾದಾ ಡ್ಯಾಕಿನಿಂದ ಸ್ವರವೇ ಹೊರಡದೆ, ಸರಿಯಿರುವ ಪೀಸು ಅಂಗಡಿಗೆ ವಾಪಸು ಹೋಗುತ್ತದೆ. ಅಂಗಡಿಯಲ್ಲಿ ಎರಡು ಡ್ಯಾಕ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಸಿಕೊಳ್ಳಿ. ಒಂದು ಚೂರು ಜೋರಾದದ್ದು ಕಿವಿಗೆ ಒಳ್ಳೆಯದೆಂದೇ ಕೇಳುತ್ತದೆ, ಮಾರುವವರಿಗೆ ಇದು ಗೊತ್ತು.

ಲ್ಯಾಪ್‌ಟಾಪ್ ಜೋಡಿಸಿದಾಗ ಬರುವ ಗುಂಯ್ ಸದ್ದು ಚಾರ್ಜರ್ ಕಿತ್ತ ಕೂಡಲೇ ನಿಂತರೆ ಅದು ಅರ್ತಿಂಗಿನ ಸಮಸ್ಯೆ. ಆಪ್ಟಿಕಲ್ ಸಂಪರ್ಕ ಅಥವಾ ಸ್ವರದ ವಯರಿನ ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ಪ್ಲಗ್ಗಿನ ಅರ್ತ್ ಪಿನ್ ಮುರಿಯುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ಅದು ಜೀವಕ್ಕೇ ಅಪಾಯ.

ಸ್ಪೀಕರಿಗೆ 1.5 ಚದರ ಮಿಲಿಮೀಟರಿನ ತಾಮ್ರದ ವಯರ್ ಐದಾರು ಮೀಟರ್ ತನಕ ಧಾರಾಳ. ತುದಿಗೆ ಕಿಲುಬು ಹಿಡಿಯುವುದರಿಂದ ಮಳೆಗಾಲ ಮುಗಿದ ಮೇಲೆ ಒಂದು ಸೆಂಟಿಮೀಟರ್ ಕತ್ತರಿಸಿ ಹೊಸದಾಗಿ ಸಿಕ್ಕಿಸಿ.

ತುಲಾಮಾಸದ (ಅಕ್ಟೋಬರ್-ನವೆಂಬರ್) ಸಂಜೆಯ ಸಿಡಿಲಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್, ಡಿಶ್‌ನ ಕೇಬಲ್, ಲ್ಯಾನ್ ವಯರ್ ಮೂರನ್ನೂ ಗುಡುಗು ಹತ್ತಿರವಾಗುವ ಮೊದಲೇ ಕಿತ್ತಿಡಿ. ಮೀಟರ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸುವವರು ಮೊದಲು ಅರ್ತಿಂಗ್ ಪರೀಕ್ಷೆ ಮಾಡಿಸಲಿ. ಅದು ಸರಿಯಿಲ್ಲದಿದ್ದರೆ ಪ್ರೊಟೆಕ್ಟರ್ ಇದ್ದೂ ಇಲ್ಲದಂತೆ.

– ಓದುಗರು, ಬದಿಯಡ್ಕ